ಅಪ್ಪ ಅಮ್ಮನಿಗೆ ಎಷ್ಟು ಲಕ್ಷದ ಕಾರು ಕೊಡಿಸಬೇಕು?

ಅಡಿಕೆ ಕೊಯ್ಲು ಮುಗಿದು ಮನೆಗೆ ಸ್ವಲ್ಪ ಬಿಡುವು ಸಿಕ್ಕಿದ್ದ ಒಂದು ಫೆಬ್ರವರಿಯಲ್ಲಿ ಅಪ್ಪಯ್ಯನನ್ನು ಶಿವಮೊಗ್ಗದ ಕಾರಿನ ಷೋರೂಮಿಗೆ ಕರೆದುಕೊಂಡು ಹೋಗಿದ್ದೆ. ನಾನು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದುದು 24 ಲಕ್ಷದ ದೊಡ್ಡ ಗಾಡಿ. ಮಾರಾಟದ ಹುಡುಗ ಬಾಗಿಲು ತೆರೆದು ಪರದೆ, ಕ್ಯಾಮೆರಾ, ತಂಪು ಗಾಳಿ ಬರುವ ಸೀಟು ಎಲ್ಲವನ್ನೂ ತೋರಿಸಿದ. ಅಪ್ಪಯ್ಯ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಟೈರಿನ ಮೇಲೆ ಕೈಯಾಡಿಸಿ, ‘ಇದೊಂದಕ್ಕೆ ಎಷ್ಟಾಗುತ್ತದೆ?’ ಎಂದು ಕೇಳಿದರು. ಹದಿನೈದು ಸಾವಿರದ ಹತ್ತಿರ ಎಂದು ಉತ್ತರ ಬಂತು. ಆಗ ಅವರು ಏನೂ ಹೇಳಲಿಲ್ಲ. ಊರಿಗೆ ವಾಪಸು ಬರುವಾಗ, ಮಂಡಗದ್ದೆ ದಾಟಿದ ಮೇಲೆ, ‘ನಾಲ್ಕಕ್ಕೆ ಅರವತ್ತು ಸಾವಿರ. ತೋಟಕ್ಕೆ ಒಂದು ಸಲ ಔಷಧಿ ಹೊಡೆಸಿದ ಹಾಗಾಯಿತು’ ಎಂದರು.

ಆ ಮಾತಿನ ಅರ್ಥ ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು. 24 ಲಕ್ಷ ನನ್ನ ದುಡ್ಡು, ಅದರ ಚಿಂತೆ ಅವರಿಗೆ ಇರಲಿಲ್ಲ. ನಾನು ಬೆಂಗಳೂರಿಗೆ ಹೋದ ಮೇಲೆ ಆ ಗಾಡಿಯನ್ನು ನನ್ನ ಮುಂದೆ ಕೈ ಚಾಚದೆ ಇಟ್ಟುಕೊಳ್ಳಲು ಸಾಧ್ಯವೇ ಎಂದು ಅವರು ಲೆಕ್ಕ ಹಾಕುತ್ತಿದ್ದರು. ಮುಂಗಡ ಕೊಡದೆ ಬಂದದ್ದು ಒಳ್ಳೆಯದಾಯಿತು. ಎರಡು ತಿಂಗಳ ನಂತರ ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬೇರೆ ಕಾರು ಬಂತು, ಇವತ್ತಿಗೂ ಅದು ವಾರಕ್ಕೆ ಮೂರು ದಿನ ಓಡುತ್ತದೆ.

ಹೊರಗೆ ದುಡಿದು ಚೆನ್ನಾಗಿ ಸಂಪಾದಿಸುವ ನಮ್ಮ ಮಲೆನಾಡಿನ ಮಕ್ಕಳು ಈಗ ಈ ಪ್ರಶ್ನೆಯನ್ನು ಬಹಳ ಸಲ ಕೇಳುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊತ್ತವನ್ನು ನಿಮ್ಮ ಸಂಬಳದಿಂದ ಅಳೆಯಬೇಡಿ. ಅವರ ಮನೆಯ ದಾರಿ, ಅವರ ಮಂಡಿ, ಅವರ ಕೈಯಲ್ಲಿ ಆಡುವ ದುಡ್ಡು, ಈ ಮೂರರಿಂದ ಅಳೆಯಿರಿ. ನಾನು ಮಾಡಿದ ಕ್ರಮವನ್ನು, ಮಾಡಬೇಕಿತ್ತು ಎಂದು ಆಮೇಲೆ ಹೊಳೆದದ್ದನ್ನೂ ಸೇರಿಸಿ, ಕೆಳಗೆ ಬರೆದಿದ್ದೇನೆ.

ಮೊದಲು ಒಂದು ತಿಂಗಳ ಓಡಾಟ ಬರೆದುಕೊಳ್ಳಿ

‘ನಿಮಗೊಂದು ಕಾರು ಕೊಡಿಸುತ್ತೇನೆ’ ಎಂದರೆ ಬರುವ ಉತ್ತರ ಗೊತ್ತೇ ಇದೆ. ‘ನಮಗ್ಯಾಕೆ ಕಾರು, ನಾವು ಎಲ್ಲಿಗೆ ಹೋಗುತ್ತೇವೆ?’ ಅದನ್ನು ನಂಬಿ ಸುಮ್ಮನಾಗಬೇಡಿ, ಅದನ್ನು ಮೀರಿ ಷೋರೂಮಿಗೂ ಓಡಬೇಡಿ. ಪ್ರಶ್ನೆಯನ್ನು ಬದಲಿಸಿ. ಕಳೆದ ತಿಂಗಳು ಎಲ್ಲೆಲ್ಲಿಗೆ ಹೋಗಿದ್ದಿರಿ, ಹೇಗೆ ಹೋದಿರಿ, ಹೋಗಬೇಕು ಎಂದುಕೊಂಡು ಎಲ್ಲಿಗೆ ಹೋಗಲಿಲ್ಲ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವೇ ಮುಖ್ಯ.

ನಮ್ಮಲ್ಲಿ ಆ ಪಟ್ಟಿ ಹೀಗಿತ್ತು: ತೀರ್ಥಹಳ್ಳಿ ಪೇಟೆಗೆ ಆರು ಸಲ, ಸೊಸೈಟಿಗೆ ಎರಡು ಸಲ, ಶಿವಮೊಗ್ಗಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಒಂದು ಸಲ, ನೆಂಟರ ಮನೆಯ ಶ್ರಾದ್ಧಕ್ಕೆ ಒಂದು ಸಲ. ಹೋಗದೆ ಬಿಟ್ಟದ್ದು ನಾಲ್ಕು: ಅಮ್ಮನ ತಂಗಿಯ ಮನೆ, ಶೃಂಗೇರಿ, ಒಂದು ಮದುವೆಯ ಹಿಂದಿನ ದಿನದ ಶಾಸ್ತ್ರ, ಮಣಿಪಾಲದಲ್ಲಿ ತೋರಿಸಿಕೊಳ್ಳಬೇಕಿದ್ದ ಬೆನ್ನು ನೋವು. ಕೊನೆಯದನ್ನು ಅಮ್ಮ ಫೋನಿನಲ್ಲಿ ಅದುವರೆಗೆ ಹೇಳಿಯೇ ಇರಲಿಲ್ಲ. ಮುಖ್ಯ ರಸ್ತೆಯ ಬಸ್ಸಿಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು, ಆಗುಂಬೆ ಘಾಟಿ ಇಳಿದು ಹೋಗಿ ಅದೇ ದಿನ ತಿರುಗಿ ಬರಬೇಕು, ‘ಯಾರನ್ನು ಕರೆಯುವುದು?’ ಎಂದು ಬಿಟ್ಟಿದ್ದರು.

ಊರಿನಿಂದ ಊರಿಗೆ ಈ ಪಟ್ಟಿ ಬೇರೆಯಾಗುತ್ತದೆ. ಶಿವಮೊಗ್ಗದ ಗೋಪಾಳದಲ್ಲೋ ವಿನೋಬನಗರದಲ್ಲೋ ಇರುವವರಿಗೆ ಆಟೋ ಬಾಗಿಲಿಗೇ ಬರುತ್ತದೆ, ಅವರಿಗೆ ಕಾರಿನ ತುರ್ತು ಇಲ್ಲ. ತುಮರಿ ಕಡೆಯ ನನ್ನ ಗೆಳೆಯನ ಮನೆಯವರಿಗೆ ಹಿನ್ನೀರು ದಾಟಿಸುವ ಲಾಂಚ್ ಹೊರಡುವ ಹೊತ್ತೇ ದಿನದ ಗಡಿಯಾರವಾಗಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದ ಆಸ್ಪತ್ರೆಗೆ ರಾತ್ರಿಯೂ ಹೋಗಬಹುದು ಎಂಬಂತಾಯಿತು. ಅವನು ಕಾರು ಕೊಡಿಸಿದ್ದು ಆಮೇಲೆಯೇ, ಅದು ಸರಿಯಾದ ಹೊತ್ತು.

ಇನ್ನೊಂದು ವಿಷಯ ಕೇಳಿಕೊಳ್ಳಿ. ಅವರಿಗೆ ಆರೋಗ್ಯ ವಿಮೆ ಇದೆಯೇ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು ಇದೆಯೇ? ಇಲ್ಲದಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಬಾಡಿಗೆ ಕಾರಿನ ಜೊತೆ ತೂಗಿ ನೋಡಿ

ನಮ್ಮ ಪಟ್ಟಿಯ ಪ್ರಕಾರ ತಿಂಗಳಿಗೆ ಸುಮಾರು 500 ಕಿಲೋಮೀಟರ್ ಓಡಾಟ. ಬಾಡಿಗೆ ಗಾಡಿಗೆ ಕಿಲೋಮೀಟರಿಗೆ 16 ರೂಪಾಯಿ ಎಂದರೂ ವರ್ಷಕ್ಕೆ 96 ಸಾವಿರ. ಕಾಯುವ ದುಡ್ಡು, ಡ್ರೈವರನ ಭತ್ಯೆ ಸೇರಿಸಿ 1 ಲಕ್ಷದ 20 ಸಾವಿರ ಎಂದಿಟ್ಟುಕೊಳ್ಳಿ.

ಸ್ವಂತ ಕಾರು? ವರ್ಷಕ್ಕೆ 6,000 ಕಿಲೋಮೀಟರ್, ಲೀಟರಿಗೆ 15 ಕಿಲೋಮೀಟರ್, ಪೆಟ್ರೋಲಿಗೆ 103 ರೂಪಾಯಿಯ ಲೆಕ್ಕದಲ್ಲಿ ಇಂಧನಕ್ಕೇ 41 ಸಾವಿರ. ವಿಮೆ 25ರಿಂದ 30 ಸಾವಿರ, ಸರ್ವಿಸ್ 10ರಿಂದ 12 ಸಾವಿರ, ಟೈರು ಬ್ಯಾಟರಿಗೆಂದು ಎತ್ತಿಡಬೇಕಾದದ್ದು 8 ಸಾವಿರ. ತಿಂಗಳಿಗೆ ನಾಲ್ಕು ದಿನ ಡ್ರೈವರ್ ಬೇಕೆಂದರೆ ದಿನಕ್ಕೆ 900 ರೂಪಾಯಿಯಂತೆ ವರ್ಷಕ್ಕೆ 43 ಸಾವಿರ. ಹತ್ತು ಲಕ್ಷದ ಗಾಡಿಯ ಬೆಲೆ ಮೊದಲ ವರ್ಷಗಳಲ್ಲಿ ವರ್ಷಕ್ಕೆ 80 ಸಾವಿರದಿಂದ ಒಂದು ಲಕ್ಷ ಇಳಿಯುತ್ತದೆ. ಎಲ್ಲ ಕೂಡಿದರೆ ಎರಡು ಲಕ್ಷ ದಾಟುತ್ತದೆ.

ಅಂದರೆ ದುಡ್ಡಿನ ಲೆಕ್ಕದಲ್ಲಿ ಬಾಡಿಗೆಯೇ ಗೆಲ್ಲುತ್ತದೆ, ಅದೂ ದೊಡ್ಡ ಅಂತರದಲ್ಲಿ. ಹಾಗಾದರೆ ಕಾರು ಯಾಕೆ? ನಮ್ಮ ಪಟ್ಟಿಯಲ್ಲಿ ಹೋಗದೆ ಬಿಟ್ಟ ಆ ನಾಲ್ಕು ಜಾಗಗಳಿಗಾಗಿ. ಬಾಡಿಗೆ ಗಾಡಿಯ ದುಡ್ಡನ್ನು ನಾನು ಕೊಡುತ್ತೇನೆ ಎಂದು ಎಷ್ಟು ಸಲ ಹೇಳಿದ್ದರೂ ಅವರು ಕರೆದಿರಲಿಲ್ಲ. ತಂಗಿಯನ್ನು ನೋಡಿ ಬರಲು ಮೂರು ಸಾವಿರ ಎಂದು ಎಣಿಸಿ ಕೊಡಬೇಕಾದಾಗ ಅಮ್ಮನಿಗೆ ಅದು ದುಂದು ಎನ್ನಿಸುತ್ತದೆ. ಮನೆಯಲ್ಲೇ ನಿಂತಿರುವ ಕಾರಿನಲ್ಲಿ ಹೋಗುವುದು ಹಾಗನ್ನಿಸುವುದಿಲ್ಲ. ನಿಮ್ಮ ಅಪ್ಪ ಅಮ್ಮ ಬಾಡಿಗೆ ಕಾರನ್ನು ಸಂಕೋಚವಿಲ್ಲದೆ ಕರೆಯುವವರಾದರೆ ಇಲ್ಲಿಗೇ ನಿಲ್ಲಿಸಿ, ಊರಿನ ನಂಬಿಕಸ್ಥ ಡ್ರೈವರ್ ಒಬ್ಬನೊಂದಿಗೆ ತಿಂಗಳ ಲೆಕ್ಕ ಮಾಡಿಕೊಳ್ಳಿ. ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಯಾರು ಓಡಿಸುತ್ತಾರೆ?

ಬಹಳ ಮಕ್ಕಳು ಇದನ್ನು ಕೊನೆಗೆ ಯೋಚಿಸುತ್ತಾರೆ. ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗುವುದು ಇದರಿಂದಲೇ.

ಅಪ್ಪ ಓಡಿಸುವುದಾದರೆ ಮೊದಲು ಚಾಲನಾ ಪರವಾನಗಿ ತೆಗೆದು ನೋಡಿ. 55 ದಾಟಿದವರಿಗೆ ನವೀಕರಣ ಒಂದು ಸಲಕ್ಕೆ ಐದು ವರ್ಷದ್ದು, ವೈದ್ಯರ ಪ್ರಮಾಣಪತ್ರವೂ ಬೇಕು. ಅವಧಿ ಮುಗಿದು ಒಂದು ವರ್ಷದ ಮೇಲಾಗಿದ್ದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿರುವ ಪರವಾನಗಿ ಆರು ವರ್ಷದ ಹಿಂದೆಯೇ ಸತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಶಿವಮೊಗ್ಗದವರಿಗೆ ಶಿವಮೊಗ್ಗದ ಆರ್‌ಟಿಒ, ಸಾಗರದ ಕಡೆಯವರಿಗೆ ಸಾಗರದ್ದು. ಈ ಕೆಲಸ ಕಾರು ಬುಕ್ ಮಾಡುವ ಮೊದಲು ಮುಗಿಯಲಿ.

ಎರಡನೆಯದು ಕಣ್ಣು. ಪೊರೆ ಬರಲು ಶುರುವಾದವರಿಗೆ ಹಗಲು ಎಲ್ಲ ಸರಿಯಾಗಿ ಕಾಣುತ್ತದೆ, ರಾತ್ರಿ ಎದುರು ಬರುವ ಗಾಡಿಯ ಬೆಳಕು ಹೂವಿನ ಹಾಗೆ ಒಡೆದು ಹರಡುತ್ತದೆ. ಮಳೆಗಾಲದ ಸಂಜೆಯಲ್ಲಿ, ಒದ್ದೆ ಡಾಂಬರಿನ ಮೇಲೆ, ಅದು ಬಹಳ ಅಪಾಯ. ಕಣ್ಣಿನ ಪರೀಕ್ಷೆ ಮಾಡಿಸಿ, ಆಮೇಲೂ ‘ಕತ್ತಲಾದ ಮೇಲೆ ನಾನು ಓಡಿಸುವುದಿಲ್ಲ’ ಎಂಬ ಮಾತನ್ನು ಅಪ್ಪನ ಬಾಯಿಂದಲೇ ಬರಿಸಿ. ನಾವು ಹೇರಿದ ನಿಯಮವನ್ನು ಅವರು ಮುರಿಯುತ್ತಾರೆ, ಅವರೇ ಹೇಳಿದ್ದನ್ನು ಉಳಿಸಿಕೊಳ್ಳುತ್ತಾರೆ.

ಗೇರು ಹಾಕುವ ಗಾಡಿಯೋ ಆಟೋಮ್ಯಾಟಿಕ್ಕೋ ಎಂಬುದರಲ್ಲಿ ನನ್ನ ಒಲವು ಆಟೋಮ್ಯಾಟಿಕ್ ಕಡೆಗೆ, ಮಂಡಿ ನೋವು ಇದ್ದರಂತೂ ಎರಡನೆಯ ಮಾತಿಲ್ಲ. ಆದರೆ ಸಾಮಾನ್ಯ ಗೇರುಪೆಟ್ಟಿಗೆಯನ್ನೇ ಯಂತ್ರದಿಂದ ಬದಲಿಸುವ ಅಗ್ಗದ ಆಟೋಮ್ಯಾಟಿಕ್, ಅಂದರೆ ಎಎಂಟಿ ಗಾಡಿಗಳು ಕಡಿದಾದ ಏರಿನಲ್ಲಿ ಗೇರು ಬದಲಿಸುವಾಗ ಒಂದು ಕ್ಷಣ ತಡೆಯುತ್ತವೆ. ಮನೆಗೆ ಬರುವ ದಾರಿಯಲ್ಲಿ ಅಂಥ ಏರಿದ್ದರೆ ಷೋರೂಮಿನವರ ಪರೀಕ್ಷಾ ಗಾಡಿಯನ್ನು ನಿಮ್ಮ ಮನೆಯವರೆಗೆ ತರಿಸಿ, ನಾಲ್ಕು ಜನ ಕುಳಿತು ಆ ಏರು ಹತ್ತಿಸಿ, ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇರುವ ಮಾದರಿಯನ್ನೇ ಆರಿಸಿ. ನಲವತ್ತು ವರ್ಷ ಕ್ಲಚ್ ಒತ್ತಿದ ಎಡಗಾಲು ಅಭ್ಯಾಸ ಬಿಡುವುದಿಲ್ಲ, ಅದು ಬ್ರೇಕಿನ ಮೇಲೆ ಬೀಳುತ್ತದೆ. ಗಾಬರಿಯಲ್ಲಿ ಬಲಗಾಲು ಬ್ರೇಕೆಂದು ಆಕ್ಸಿಲರೇಟರ್ ಒತ್ತುವುದೂ ಉಂಟು. ಹತ್ತು ದಿನ ಶಾಲೆಯ ಮೈದಾನದಲ್ಲಿ ಬೆಳಗ್ಗೆ ಅರ್ಧ ಗಂಟೆ ಅಭ್ಯಾಸ ಮಾಡಿಸದೆ ರಸ್ತೆಗೆ ಬಿಡಬೇಡಿ. ನಾನು ಆ ಹತ್ತು ದಿನ ರಜೆ ಹಾಕಿದ್ದೆ. ಅದು ಕಾರಿನ ಬೆಲೆಯಲ್ಲೇ ಸೇರಿದ ಖರ್ಚು ಎಂದು ತಿಳಿದುಕೊಂಡೆ.

ಡ್ರೈವರ್ ಓಡಿಸುವುದಾದರೆ ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ಇವತ್ತೇ ತೀರ್ಮಾನಿಸಿ. ಇದನ್ನು ಮುಂದೆ ಹೇಳುತ್ತೇನೆ.

ಟೇಪು ಹಿಡಿದು ಅಳೆಯಿರಿ

ಅಮ್ಮ ದಿನವೂ ಸಂಜೆ ಕೂರುವುದು ಜಗುಲಿಯ ಕಟ್ಟೆಯ ಮೇಲೆ. ಅಲ್ಲಿಂದ ಕೈ ಊರದೆ ಏಳುತ್ತಾರೆ. ಊಟದ ಮನೆಯ ತಗ್ಗು ಮಣೆಯಿಂದ ಏಳಲು ಗೋಡೆ ಹಿಡಿಯಬೇಕು. ಕಟ್ಟೆಯ ಎತ್ತರ ಅಳೆದೆ: 22 ಅಂಗುಲ. ಆ ಸಂಖ್ಯೆಯನ್ನು ಬರೆದುಕೊಂಡು ಷೋರೂಮುಗಳಿಗೆ ಟೇಪು ತೆಗೆದುಕೊಂಡು ಹೋದೆ. ನಾನು ಆಸೆಪಟ್ಟಿದ್ದ ದೊಡ್ಡ ಗಾಡಿಯ ಸೀಟು ನೆಲದಿಂದ 30 ಅಂಗುಲದ ಮೇಲಿತ್ತು, ಸೀರೆ ಉಟ್ಟವರು ಒಂದು ಕಾಲನ್ನು ಎತ್ತಿಟ್ಟು ಹಿಡಿಕೆಗೆ ಜೋತು ಹತ್ತಬೇಕು. ತಗ್ಗಿನ ಸೆಡಾನಿನಲ್ಲಿ ಕೂರುವುದು ಸುಲಭ, ಏಳುವುದು ಮಣೆಯಿಂದ ಎದ್ದ ಹಾಗೆ. 23–24 ಅಂಗುಲದಲ್ಲಿ ಸೀಟು ಇದ್ದ, ಸ್ವಲ್ಪ ಎತ್ತರ ನಿಲುವಿನ ಸಣ್ಣ ಕಾರಿನಲ್ಲಿ ಅಮ್ಮ ಮೊದಲು ಹಿಂಬದಿ ಊರಿ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಂಡರು. ‘ಇದು ಕಟ್ಟೆಯ ಹಾಗೇ ಇದೆ’ ಎಂದರು. ಯಾವ ಕಾರು ಎಂಬುದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಅಲ್ಲಿಗೆ.

ಇನ್ನು ದಾರಿ. ನಿಮ್ಮ ಮನೆಯ ದಣಪೆಯ (ಅಂಗಳಕ್ಕೆ ಬರುವ ಗೇಟಿನ) ಅಗಲ ಅಳೆಯಿರಿ, ಕಾರಿನ ಅಗಲವನ್ನು ಕನ್ನಡಿ ಬಿಡಿಸಿದ ಸ್ಥಿತಿಯಲ್ಲಿ ಅಳೆಯಿರಿ. ಎರಡೂ ಕಡೆ ಒಂದೊಂದು ಅಡಿ ಉಳಿಯದಿದ್ದರೆ ಅಪ್ಪ ಪ್ರತಿ ಸಲವೂ ಹೆದರಿಕೊಂಡೇ ಒಳಗೆ ತರುತ್ತಾರೆ, ಒಂದು ಗೀರು ಬಿದ್ದ ದಿನದಿಂದ ತರುವುದನ್ನೇ ಬಿಡುತ್ತಾರೆ. ಅಂಗಳದಲ್ಲಿ ತಿರುಗಿಸಲು ಜಾಗವಿದೆಯೇ, ಹಿಂದಕ್ಕೇ ಬರಬೇಕೇ ನೋಡಿ. ಒಂದು ಕಡೆ ಧರೆ (ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಕಡೆ ತೋಟದ ಇಳಿಜಾರು ಇರುವ ದಾರಿಯಲ್ಲಿ ಎದುರಿನಿಂದ ಹಾಲಿನ ಗಾಡಿ ಬಂದರೆ ಹಿಂದಕ್ಕೆ ಹೋಗಬೇಕಾದವರು ಯಾರು? ಈ ಕಾರಣಕ್ಕೆ ನಾಲ್ಕು ಮೀಟರಿನ ಒಳಗಿನ ಉದ್ದ, 5 ಮೀಟರ್ ಆಸುಪಾಸಿನ ತಿರುಗುವ ತ್ರಿಜ್ಯ, ನೆಲದಿಂದ ಗಾಡಿಯ ತಳಕ್ಕೆ 180 ಮಿಲಿಮೀಟರಿಗೆ ಕಡಿಮೆಯಿಲ್ಲದ ಎತ್ತರ ಇರುವ ಗಾಡಿ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್, ಮಾರುತಿ ಫ್ರಾಂಕ್ಸ್ ಈ ಅಳತೆಗೆ ಬರುತ್ತವೆ. ಹಿಂದೆ ಇದೇ ದಾರಿಗಳಲ್ಲಿ ಓಮ್ನಿ ಅಷ್ಟು ಬಾಳಿದ್ದೂ ಸಣ್ಣ ಮೈ, ಸುಲಭ ರಿಪೇರಿ ಎಂಬ ಗುಣದಿಂದಲೇ. ಆದರೆ ಸುರಕ್ಷತೆಯಲ್ಲಿ ಹಳೆಯ ಕಾಲಕ್ಕೆ ಹಿಂದಿರುಗುವುದು ಬೇಡ. ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರಿಂದ ನಡೆಯುತ್ತಿದೆ, ಆರಿಸಿದ ಮಾದರಿಗೆ ಎಷ್ಟು ನಕ್ಷತ್ರ ಬಂದಿದೆ ಎಂದು ನೋಡಿಯೇ ಮುಂದುವರಿಯಿರಿ. ದುಡ್ಡು ಉಳಿಸುವ ಜಾಗ ಅದಲ್ಲ.

ವಿದ್ಯುತ್ ಕಾರಿನ ಬಗ್ಗೆ ಕೇಳುವವರಿಗೆ: ಶಿವಮೊಗ್ಗ ಪೇಟೆಯೊಳಗೆ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವವರಿಗೆ ಅದು ಚೆನ್ನ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಅದೊಂದೇ ಕಾರಾಗುವುದು ನನಗೆ ಒಪ್ಪಿಗೆಯಿಲ್ಲ.

ಈಗ ಮೊತ್ತ

ಷೋರೂಮಿನ ಫಲಕದ ಬೆಲೆಯನ್ನು ನೋಡಿ ಲೆಕ್ಕ ಮಾಡಬೇಡಿ. ನೋಂದಣಿಯ ಹೊತ್ತಿಗೆ ಒಂದೇ ಸಲ ಕಟ್ಟುವ ಕರ್ನಾಟಕದ ಜೀವಿತಾವಧಿ ತೆರಿಗೆ ಹಗುರವಾದದ್ದಲ್ಲ. 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ್ದಕ್ಕೆ ಶೇ 17, ಅದರ ಮೇಲೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎಂಟೂವರೆ ಲಕ್ಷದ ಕಾರಿಗೆ ತೆರಿಗೆಯೇ 1 ಲಕ್ಷದ 32 ಸಾವಿರ, ವಿಮೆ ಮತ್ತಿತರ ಖರ್ಚು ಸೇರಿ ರಸ್ತೆಗಿಳಿಯುವಾಗ ಸುಮಾರು 10 ಲಕ್ಷದ 30 ಸಾವಿರ. 24 ಲಕ್ಷದ್ದಕ್ಕೆ ತೆರಿಗೆ 4 ಲಕ್ಷದ 80 ಸಾವಿರದ ಹತ್ತಿರ. ಇವೆರಡರ ವ್ಯತ್ಯಾಸ ಮೂರೂವರೆ ಲಕ್ಷ. ತಿಂಗಳಿಗೆ ನಾಲ್ಕು ದಿನದಂತೆ ಎಂಟು ವರ್ಷ ಡ್ರೈವರ್ ಇಡುವಷ್ಟು ದುಡ್ಡು ಬರೀ ತೆರಿಗೆಯ ವ್ಯತ್ಯಾಸದಲ್ಲೇ ಇದೆ. ಜಿಎಸ್‌ಟಿಯೂ ಸಣ್ಣ ಕಾರಿನ ಪರವಾಗಿಯೇ ಇದೆ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ 18, ದೊಡ್ಡವುಗಳಿಗೆ ಶೇ 40.

ನನ್ನ ಅಳತೆ ಹೀಗಿದೆ. ಪೇಟೆಯಲ್ಲೇ ಇರುವ, ಊರೊಳಗೇ ಓಡಾಡುವ ಅಪ್ಪ ಅಮ್ಮನಿಗೆ ರಸ್ತೆಗಿಳಿದ ಬೆಲೆ 7ರಿಂದ 9 ಲಕ್ಷ. ಹಳ್ಳಿಯ ಮನೆ, ಏರಿಳಿತದ ದಾರಿ, ತಿಂಗಳಿಗೊಮ್ಮೆ ಘಾಟಿ ಎಂದಾದರೆ 9ರಿಂದ 12. ಸದಾ ನಾಲ್ಕೈದು ಜನ ಕೂಡಿ ದೂರ ಹೋಗುವ ಮನೆ, ಓಡಿಸಲು ಗಟ್ಟಿ ಕೈ ಇದೆ ಎಂದಾದರೆ 13ರಿಂದ 18. ಇಪ್ಪತ್ತು ದಾಟುವುದು ಅವರೇ ಹೆಸರು ಹಿಡಿದು ಆ ಗಾಡಿಯನ್ನು ಕೇಳಿದಾಗ ಮಾತ್ರ. ಜೀವನವಿಡೀ ಒಂದು ಒಳ್ಳೆಯ ಗಾಡಿಗೆ ಆಸೆಪಟ್ಟು, ನಮ್ಮ ಓದಿಗೆಂದು ಅದನ್ನು ನುಂಗಿಕೊಂಡ ಅಪ್ಪಂದಿರು ಇದ್ದಾರೆ. ಅವರು ಕೇಳಿದರೆ ಈ ಲೆಕ್ಕವನ್ನೆಲ್ಲ ಮಡಚಿಟ್ಟು ಕೊಡಿಸಿ.

ನಿಮ್ಮ ಕಡೆಯಿಂದ ಎರಡು ಮಿತಿ ಇರಲಿ. ಸಾಲ ಮಾಡಬೇಡಿ. ಮಗ ಕಂತು ಕಟ್ಟುತ್ತಿದ್ದಾನೆ ಎಂದು ತಿಳಿದ ಅಪ್ಪ ಆ ಕಾರಿನಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ. ಕಾರಿಗೆ ಹಾಕುವ ಮೊತ್ತ ನಿಮ್ಮ ಒಟ್ಟು ಉಳಿತಾಯದ ನೂರಕ್ಕೆ ಐದನ್ನು ದಾಟದಿರಲಿ.

ಇಷ್ಟಾದ ಮೇಲೆ ಮುಖ್ಯವಾದ ಭಾಗ. ಕಾರಿಗೆ ಎಷ್ಟು ಎಂದು ಗೊತ್ತು ಮಾಡಿದಿರೋ ಅದರ ಮೂರನೆಯ ಒಂದು ಭಾಗವನ್ನು ಬೇರೆಯಾಗಿ ಎತ್ತಿ, ಅಮ್ಮನ ಹೆಸರಿನ ಖಾತೆಯಲ್ಲಿ ಠೇವಣಿ ಇಡಿ. ಹತ್ತು ಲಕ್ಷದ ಕಾರಾದರೆ ಮೂರು ಲಕ್ಷ ಚಿಲ್ಲರೆ. ವಿಮೆ, ಟೈರು, ಡ್ರೈವರನ ದಿನಗೂಲಿ ಐದು ವರ್ಷ ಅದರಿಂದ ನಡೆಯಲಿ. ಪೆಟ್ರೋಲು, ಸರ್ವಿಸ್ಸನ್ನು ಅವರು ತಮ್ಮ ಕೈಯಿಂದಲೇ ಹಾಕಿಕೊಳ್ಳಲಿ, ಅದು ಅವರಿಗೆ ಬೇಕು. ತಿಂಗಳು ತಿಂಗಳು ಕಳಿಸುತ್ತೇನೆ ಎನ್ನುವುದಕ್ಕೂ ಒಟ್ಟಿಗೆ ಇಟ್ಟುಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಅವರು ಪ್ರತಿ ಸಲ ನೆನಪಿಸಬೇಕು, ಟೈರಿನ ಬೆಲೆ ಕೇಳಿದ ಅಪ್ಪಯ್ಯನಿಗೆ ಬೇಡವಾಗಿದ್ದುದು ಅದೇ. 15 ಲಕ್ಷದಲ್ಲಿ 15 ಲಕ್ಷದ ಕಾರು ತರುವುದಕ್ಕಿಂತ 11 ಲಕ್ಷದ ಕಾರು ತಂದು 4 ಲಕ್ಷ ಠೇವಣಿ ಇಡುವುದು ಯಾವತ್ತೂ ಮೇಲು.

ಒಡಹುಟ್ಟಿದವರ ಜೊತೆ ಮೊದಲೇ ಮಾತಾಡಿ

ನಮ್ಮ ಅನೇಕ ಮನೆಗಳಲ್ಲಿ ಒಬ್ಬ ಮಗ ಊರಲ್ಲೇ ಉಳಿದು ತೋಟ ನೋಡಿಕೊಳ್ಳುತ್ತಾನೆ, ಉಳಿದವರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಅಪ್ಪನ ರಕ್ತದೊತ್ತಡ ಏರಿದ ರಾತ್ರಿ ಬೈಕಿನ ಹಿಂದೆ ಕೂರಿಸಿಕೊಂಡು ಹೋದವನು, ಕೊಳೆರೋಗ ಬಂದ ವರ್ಷ ಅಮ್ಮನ ಮಾತ್ರೆಗೂ ದುಡ್ಡು ಹೊಂದಿಸಿದವನು ಅವನು. ಅಂಥ ಮನೆಯ ಅಂಗಳಕ್ಕೆ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯುವ ಕಾರು ಬಂದು ನಿಂತು, ‘ದೊಡ್ಡ ಮಗ ಕೊಡಿಸಿದ್ದಂತೆ’ ಎಂದು ಊರೆಲ್ಲ ಮಾತಾದರೆ, ಅವನ ಹತ್ತು ವರ್ಷದ ಸೇವೆ ಆ ಒಂದು ಮಾತಿನಲ್ಲಿ ಕಾಣದಂತಾಗುತ್ತದೆ. ಅವನು ಬಾಯಿಬಿಟ್ಟು ಹೇಳುವುದಿಲ್ಲ. ಅವನ ಹೆಂಡತಿಗೆ ನೋವಾಗುತ್ತದೆ, ಅದು ಅಡುಗೆಮನೆಯಲ್ಲಿ ಅತ್ತೆಗೆ ತಿಳಿಯುತ್ತದೆ, ಅತ್ತೆ ಆ ಕಾರು ಹತ್ತಲು ಹಿಂಜರಿಯುತ್ತಾರೆ. ಇಂಥದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆದ್ದರಿಂದ ಮೊದಲು ಫೋನು ಮಾಡಬೇಕಾದದ್ದು ಅಪ್ಪನಿಗಲ್ಲ, ತಮ್ಮನಿಗೆ. ‘ಅಪ್ಪಯ್ಯನಿಗೆ ಒಂದು ಕಾರು ಬೇಕೆನ್ನಿಸುತ್ತದೆ, ಯಾವುದು ಆಗಬಹುದು, ನೀನು ನೋಡು. ದುಡ್ಡಿನ ಜವಾಬ್ದಾರಿ ನನ್ನದು’ ಎನ್ನಿ. ಬಣ್ಣ, ಮಾದರಿ, ಷೋರೂಮು ಅವನ ಆಯ್ಕೆಯಾಗಲಿ, ಕೀಲಿಯನ್ನು ತರುವವನೂ ಅವನೇ ಆಗಲಿ. ಆ ಕಾರನ್ನು ಅವನು ಅಡಿಕೆ ಮಂಡಿಗೂ ಮಕ್ಕಳ ಶಾಲೆಗೂ ಬಳಸುತ್ತಾನೆ, ಬಳಸಲಿ. ಬಳಸದೆ ನಿಂತ ಕಾರು ಹಾಳಾಗುತ್ತದೆ. ‘ಅಪ್ಪನಿಗೆಂದು ಕೊಟ್ಟದ್ದು, ಇವನು ಓಡಿಸುತ್ತಾನೆ’ ಎಂಬ ಮಾತು ಮುಂದೊಂದು ದಿನ ನಿಮ್ಮ ಬಾಯಲ್ಲಿ ಬರುವುದಾದರೆ ಕೊಡಿಸಲೇಬೇಡಿ. ಹಾಗೆಯೇ ಇದು ಆಸ್ತಿಯ ಪಾಲಿನ ಹೊತ್ತಿಗೆ ಲೆಕ್ಕಕ್ಕೆ ಬರುವ ದುಡ್ಡಲ್ಲ ಎಂಬುದನ್ನು ಎಲ್ಲರೂ ಕೂತಿರುವಾಗ ಒಮ್ಮೆ ಹೇಳಿ.

ನನ್ನ ಅಕ್ಕ ತಾನೂ ದುಡ್ಡು ಹಾಕುತ್ತೇನೆ ಎಂದಾಗ ನಾನು ಬೇಡವೆಂದಿದ್ದೆ. ಅದು ತಪ್ಪು. ಹೆಣ್ಣುಮಕ್ಕಳಿಗೆ ತವರಿಗೆ ಕೊಡುವ ಹಕ್ಕೂ ಇದೆ, ಆಸೆಯೂ ಇದೆ. ಆಮೇಲೆ ಅವಳ ಪಾಲಿನ 2 ಲಕ್ಷ ಆ ಠೇವಣಿಗೆ ಸೇರಿತು.

ಕಾಗದಪತ್ರ

ಕಾರು ಅಪ್ಪ ಅಮ್ಮನ ಹೆಸರಿನಲ್ಲೇ, ಅವರ ಊರಿನ ವಿಳಾಸಕ್ಕೇ ನೋಂದಣಿಯಾಗಲಿ. ಮಕ್ಕಳು ತಂದೆ ತಾಯಿಗೆ ಕೊಡುವ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಆದರೂ ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಮಾರಾಟಗಾರರು ಪಡೆಯುವಂತಿಲ್ಲ. ಹತ್ತು ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಖಾತೆಗೆ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಅಪ್ಪ ರಿಟರ್ನ್ ಸಲ್ಲಿಸದವರಾದರೆ ಆ ವರ್ಷ ನೀವೇ ಕೂತು ಸಲ್ಲಿಸಿಕೊಡಿ.

ವಿಮೆಯಲ್ಲಿ ಮೂರನೆಯ ವ್ಯಕ್ತಿಯ ಭಾಗ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಕೊಡುವುದು) ಹೊಸ ಕಾರಿಗೆ ಮೂರು ವರ್ಷದ್ದು ಕಡ್ಡಾಯ. ಮಾಲೀಕರೇ ಓಡಿಸುವವರಾಗಿ ಪರವಾನಗಿ ಹೊಂದಿದ್ದರೆ 15 ಲಕ್ಷದ ಅಪಘಾತ ವಿಮೆ ಬೇಕು, ಅದರಲ್ಲಿ ನಾಮಿನಿಯ ಹೆಸರು ಸರಿಯಾಗಿ ಬರೆದಿದ್ದಾರೆಯೇ ಓದಿ. ಸಂಬಳದ ಡ್ರೈವರ್ ಇದ್ದರೆ ಅವನ ಹೊಣೆಯ ಭಾಗವನ್ನೂ ಸೇರಿಸಿಕೊಳ್ಳಿ, ಅದಕ್ಕೆ ಹೆಚ್ಚೇನೂ ತಗಲುವುದಿಲ್ಲ. ಮರ ಬಿದ್ದರೆ, ಧರೆ ಕುಸಿದರೆ ಸಮಗ್ರ ವಿಮೆ ಕೊಡುತ್ತದೆ. ಎಂಜಿನ್ನಿಗೆ ನೀರು ನುಗ್ಗಿದರೆ ಕೊಡುವುದು ಅದಕ್ಕೆಂದು ಬೇರೆ ರಕ್ಷಣೆ ಕೊಂಡಾಗ ಮಾತ್ರ. ತುಂಗೆ ಉಕ್ಕಿ ರಸ್ತೆಗೆ ಬರುವ ಊರುಗಳವರು ಅದನ್ನು ಬಿಡಬೇಡಿ. ಇಲಿ ವೈರು ಕಡಿದರೆ ಕೊಡುತ್ತೀರಾ ಎಂದು ಬರವಣಿಗೆಯಲ್ಲೇ ಕೇಳಿ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಕಾರು ಬಂದ ಮೇಲೆ

ಜೂನ್ ತಿಂಗಳಿನಲ್ಲಿ ತರಬೇಡಿ. ಹೊಸ ಗಾಡಿ, ಹೊಸ ಅಭ್ಯಾಸ, ಹಾವಸೆ ಕಟ್ಟಿದ ಏರು ಮೂರೂ ಒಟ್ಟಿಗೆ ಬರಬಾರದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ದಿನಗಳು ಒಳ್ಳೆಯವು. ಶೆಡ್ಡನ್ನು ಕೊಟ್ಟಿಗೆಗೂ ಹುಲ್ಲಿನ ಅಟ್ಟಕ್ಕೂ ದೂರ ಮಾಡಿ, ಇಲಿಯ ಕಾಟ ಅರ್ಧ ಕಡಿಮೆಯಾಗುತ್ತದೆ. ವಾರಕ್ಕೆರಡು ಸಲವಾದರೂ ಎಂಜಿನ್ ಚಾಲೂ ಮಾಡಿ ಪೇಟೆಯವರೆಗೆ ಹೋಗಿ ಬರುವ ನೆಪ ಮಾಡಿಕೊಡಿ.

ಆರು ತಿಂಗಳಾದ ಮೇಲೆ ಊರಿಗೆ ಹೋದಾಗ ಮೀಟರ್ ನೋಡಿ. ಸಾವಿರ ಕಿಲೋಮೀಟರೂ ಆಗಿರದಿದ್ದರೆ ಏನೋ ಅಡ್ಡ ಬಂದಿದೆ: ಕಣ್ಣು, ಡ್ರೈವರ್ ಸಿಗದಿರುವುದು, ಗೀರು ಬೀಳುವ ಭಯ, ಇಲ್ಲವೇ ಠೇವಣಿಯ ದುಡ್ಡನ್ನು ಮುಟ್ಟಲು ಸಂಕೋಚ. ಬೈಯದೆ ಕೇಳಿ ತಿಳಿದುಕೊಂಡು ಅದನ್ನು ಸರಿಮಾಡಿ. ನಮ್ಮ ಕಾರು ಮೊದಲ ಆರು ತಿಂಗಳಲ್ಲಿ 3,140 ಕಿಲೋಮೀಟರ್ ಓಡಿತ್ತು. ಮುಂದಿನ ಬಂಪರಿನಲ್ಲಿ ದಣಪೆಯ ಕಂಬ ತಗುಲಿದ ಒಂದು ಗುರುತಿತ್ತು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ವಿಮೆಯ ಕಾಗದದ ಜೊತೆ ಅಮ್ಮನ ಕೈಬರಹದ ಒಂದು ಸಣ್ಣ ನೋಟ್‌ಬುಕ್ ಇತ್ತು: ತಾರೀಖು, ಊರು, ಪೆಟ್ರೋಲಿಗೆ ಎಷ್ಟು ಎಂದು. ತಂಗಿಯ ಮನೆ ಎಂದು ಐದು ಕಡೆ ಬರೆದಿದ್ದರು. ಮಣಿಪಾಲ ಎಂದು ಮೂರು ಕಡೆ.